ಸ್ಪಿಟ್‌ಫೈರ್‌ಗೆ ಮುನ್ನ ಸೋತ ವಿಮಾನ

ಪ್ರಶ್ನೆ: ಸ್ಪಿಟ್‌ಫೈರ್ ಯುದ್ಧವಿಮಾನವನ್ನು ರೂಪಿಸಿದ ಆರ್. ಜೆ. ಮಿಚೆಲ್ ಅದಕ್ಕೂ ಮೊದಲು ಸಿದ್ಧಪಡಿಸಿದ ಫೈಟರ್ ಒಂದು ಎಂಜಿನ್ನಿನ ದೋಷದಿಂದ ತಿರಸ್ಕೃತವಾಯಿತೆಂದು ಓದಿದೆ. ವೇಗದಲ್ಲಿ ವಿಶ್ವದಾಖಲೆ ಮಾಡಿದವರು ಅಂಥ ಎಂಜಿನ್ನನ್ನು ಏಕೆ ಒಪ್ಪಿಕೊಂಡರು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು ಕೇಳಿರುವ ವಿಮಾನ, ಮಿಚೆಲ್ ಕೆಲಸ ಮಾಡುತ್ತಿದ್ದ ಸೂಪರ್‌ಮರೀನ್ ಕಂಪನಿಯ ಟೈಪ್ 224. ಗಂಟೆಗೆ ಸುಮಾರು 250 ಮೈಲಿ (400 ಕಿ.ಮೀ.) ವೇಗದ, ನಾಲ್ಕು ಮಷಿನ್ ಗನ್‌ಗಳಿರುವ, ರಾತ್ರಿಯೂ ಹಾರಬಲ್ಲ ಹಾಗೂ ನಿಧಾನವಾಗಿ ನೆಲಕ್ಕಿಳಿಯಬಲ್ಲ ಫೈಟರ್ ಬೇಕೆಂದು ಬ್ರಿಟನ್ನಿನ ವಾಯುಯಾನ ಸಚಿವಾಲಯ 1931ರಲ್ಲಿ ಎಫ್.7/30 ಎಂಬ ಬೇಡಿಕೆಪಟ್ಟಿ ಹೊರಡಿಸಿತ್ತು. ರೋಲ್ಸ್‌ರಾಯ್ಸ್‌ನ ಗೋಶಾಕ್ ಎಂಜಿನ್ನಿನ ಮೇಲೆ ಸಚಿವಾಲಯಕ್ಕೇ ಒಲವಿದ್ದುದರಿಂದ, ಸ್ಪರ್ಧೆಯಲ್ಲಿದ್ದ ಬೇರೆ ಹಲವು ಕಂಪನಿಗಳೂ ಅದನ್ನೇ ಅಳವಡಿಸಿಕೊಂಡವು.

ಗೋಶಾಕ್‌ನ ಹಿಂದಿದ್ದ ತರ್ಕ ಸೊಗಸಾದದ್ದು. ನೀರು ಹಬೆಯಾಗುವಾಗ ಅಪಾರ ಗುಪ್ತೋಷ್ಣವನ್ನು ಹೀರಿಕೊಳ್ಳುತ್ತದೆ; ಆದ್ದರಿಂದ ಎಂಜಿನ್ನನ್ನು ತಣಿಸಲು ಕಡಿಮೆ ನೀರು ಸಾಕು, ಗಾಳಿಗೆ ಅಡ್ಡವಾಗಿ ನಿಲ್ಲುವ ರೇಡಿಯೇಟರ್ ಕೂಡ ಬೇಡ. ಟೈಪ್ 224ರಲ್ಲಿ ಹಬೆಯು ರೆಕ್ಕೆಗಳ ಮುಂಚೂಣಿ ಅಂಚಿನಲ್ಲಿ ಹರಿದು ನೀರಾಗಿ, ಗಾಲಿಗಳ ಹೊದಿಕೆಯೊಳಗಿನ ತೊಟ್ಟಿಗಳಲ್ಲಿ ಸಂಗ್ರಹವಾಗುತ್ತಿತ್ತು. ತೊಡಕು ಶುರುವಾಗುತ್ತಿದ್ದುದೇ ಅಲ್ಲಿ. ಕುದಿಯುವ ಹಂತದಲ್ಲೇ ಇರುವ ಆ ನೀರನ್ನು ಪಂಪು ಮೇಲಕ್ಕೆ ಎಳೆಯುವಾಗ ಒತ್ತಡ ಕುಸಿದು ನೀರು ಮತ್ತೆ ಹಬೆಯಾಗುತ್ತಿತ್ತು. ಪಂಪು ಕೆಲಸ ಮಾಡದೆ ಎಂಜಿನ್ ಅತಿಯಾಗಿ ಬಿಸಿಯಾಗುತ್ತಿತ್ತು. ವೇಗವಾಗಿ ಮೇಲೇರುವುದೇ ಫೈಟರ್‌ನ ಮುಖ್ಯ ಕೆಲಸವಾಗಿರುವಾಗ, ಪೈಲಟ್ ಮಧ್ಯದಲ್ಲೇ ಏರುವುದನ್ನು ನಿಲ್ಲಿಸಿ ಎಂಜಿನ್ ತಣಿಯಲೆಂದು ಕಾಯಬೇಕಾಗುತ್ತಿತ್ತು.

1934ರ ಫೆಬ್ರವರಿ 19ರಂದು ಮೊದಲ ಬಾರಿ ಹಾರಿದ ಈ ವಿಮಾನದ ಗರಿಷ್ಠ ವೇಗ ಗಂಟೆಗೆ 228 ಮೈಲಿ ಮಾತ್ರ. 15,000 ಅಡಿ ಏರಲು ಒಂಬತ್ತೂವರೆ ನಿಮಿಷ ಬೇಕಾಗುತ್ತಿತ್ತು. ಕೊನೆಗೆ ವಾಯುಸೇನೆಯ ಖರೀದಿ ಆದೇಶ ಸಿಕ್ಕಿದ್ದು, ಗಾಳಿಯಿಂದಲೇ ತಣಿಯುವ ಎಂಜಿನ್ನಿದ್ದ ಗ್ಲಾಸ್ಟರ್ ಗ್ಲಾಡಿಯೇಟರ್ ಎಂಬ ಜೋಡಿರೆಕ್ಕೆಯ ವಿಮಾನಕ್ಕೆ.

ಆದರೂ ಇಡೀ ಸೋಲನ್ನು ಎಂಜಿನ್ನಿನ ತಲೆಗೆ ಕಟ್ಟುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ನಿಧಾನವಾಗಿ ನೆಲಕ್ಕಿಳಿಯಬೇಕೆಂಬ ಷರತ್ತಿಗಾಗಿ ಮಿಚೆಲ್ ದಪ್ಪವಾದ, ವಿಶಾಲವಾದ ರೆಕ್ಕೆ ಕೊಟ್ಟಿದ್ದರು, ಗಾಲಿಗಳು ಮಡಚಿಕೊಳ್ಳುತ್ತಿರಲಿಲ್ಲ, ಪೈಲಟ್ ಕೂರುವ ಜಾಗಕ್ಕೆ ಮುಚ್ಚಳವಿರಲಿಲ್ಲ. ಅವರ ಎಸ್.6ಬಿ ಸ್ಪರ್ಧಾವಿಮಾನ 1931ರಲ್ಲಿ ಗಂಟೆಗೆ 400 ಮೈಲಿ ದಾಟಿತ್ತು ನಿಜ, ಆದರೆ ಅದು ನೀರಿನ ಮೇಲೆ ಇಳಿಯುತ್ತಿದ್ದ, ಗನ್ನುಗಳ ಭಾರವಿಲ್ಲದ ವಿಮಾನ. ಟೈಪ್ 224ರ ಕೊರತೆ ಮಿಚೆಲ್‌ಗೇ ಬೇಗನೆ ಮನವರಿಕೆಯಾಗಿತ್ತು. 1934ರ ಜುಲೈನಲ್ಲಿ, ಅದೇ ಗೋಶಾಕ್ ಎಂಜಿನ್ನನ್ನು ಉಳಿಸಿಕೊಂಡು, ರೆಕ್ಕೆಯನ್ನು ಕಿರಿದಾಗಿಸಿ, ಗಾಲಿಗಳನ್ನು ಮಡಚಿಕೊಳ್ಳುವಂತೆ ಮಾಡಿದರೆ ಸುಮಾರು 265 ಮೈಲಿ ವೇಗ ಸಿಗುತ್ತದೆಂದು ಅವರು ಪ್ರಸ್ತಾಪ ಸಲ್ಲಿಸಿದ್ದರು. ಅಂದರೆ ಕಳೆದುಹೋದ ವೇಗದ ದೊಡ್ಡ ಪಾಲು ರೆಕ್ಕೆ ಮತ್ತು ಗಾಲಿಗಳಲ್ಲೇ ಅಡಗಿತ್ತೆಂಬುದು ಅವರದೇ ಲೆಕ್ಕ.

ಆ ಪ್ರಸ್ತಾಪಕ್ಕೆ ಒಪ್ಪಿಗೆ ಸಿಗಲಿಲ್ಲ. ಅದೇ ವರ್ಷದ ಕೊನೆಗೆ ಅವರ ಹೊಸ ವಿನ್ಯಾಸದಲ್ಲಿ ರೆಕ್ಕೆ ಇನ್ನಷ್ಟು ತೆಳುವಾಗಿ ಅಂಡಾಕಾರ ಪಡೆಯಿತು. ಗೋಶಾಕ್ ಎಂಜಿನ್ನಿನ ಜಾಗಕ್ಕೆ ಮುಂದೆ ಮರ್ಲಿನ್ ಎಂದು ಹೆಸರಾದ, ಸುಮಾರು 1000 ಅಶ್ವಶಕ್ತಿಯ ಎಂಜಿನ್ ಬಂತು. 1936ರ ಮಾರ್ಚ್ 5ರಂದು ಸೌತಾಂಪ್ಟನ್ ಬಳಿಯ ಈಸ್ಟ್‌ಲೀಯಿಂದ ಆ ಮೊದಲ ಸ್ಪಿಟ್‌ಫೈರನ್ನು ಹಾರಿಸಿದವರು, ಟೈಪ್ 224ರ ಮೊದಲ ಹಾರಾಟವನ್ನೂ ನಡೆಸಿದ್ದ ಪೈಲಟ್ ಮಟ್ ಸಮ್ಮರ್ಸ್.