ಸಂಪಾದಕರ ಉತ್ತರ: ಹುಡುಕಿದ್ದು ವಾಚಲ್ಲ

ಹೆಸರು ಬರೆಯದ ಓದುಗರೇ,

ಹೆಸರೊಂದು ಬಿಟ್ಟು ಏನು ಬೇಕಾದರೂ ಹಾಕಿಕೊಳ್ಳಿ ಎಂದಿದ್ದೀರಿ. ಪತ್ರ ಉದ್ದವಿದೆ, ಸಾರವಷ್ಟೇ ಕೊಡುತ್ತೇನೆ. ನಿಮಗೆ 29, ಹೆಂಡತಿಗೆ 27. ಮದುವೆಯಾಗಿ ಎರಡು ವಾರ. ಮೊದಲ ರಾತ್ರಿ ರಕ್ತ ಬರಲಿಲ್ಲ. ಬೆಳಗಿನ ಜಾವ ದೀಪ ಹಾಕಿ ಹಾಸಿಗೆ ತಡಕಿದಿರಿ. ಅವರು ಎಚ್ಚರವಾಗಿ ‘ಏನು ಹುಡುಕ್ತಿದ್ದೀರಿ?’ ಎಂದಾಗ ‘ವಾಚು’ ಎಂದಿರಿ. ಪತ್ರದಲ್ಲಿ ‘ಮೋಸ’ ಎಂದು ಬರೆದು, ಹೊಡೆದುಹಾಕಿ, ಮೇಲೆ ‘ಅನುಮಾನ’ ಎಂದು ಬರೆದಿದ್ದೀರಿ. ಡಾಕ್ಟರ್ ಹತ್ತಿರ ಪರೀಕ್ಷೆ ಮಾಡಿಸಬಹುದೇ ಎಂಬುದು ನಿಮ್ಮ ಪ್ರಶ್ನೆ.

ಬೇಡ. ಲೈಂಗಿಕ ಸಂಪರ್ಕ ಆಗಿತ್ತೋ ಇಲ್ಲವೋ ಎಂದು ಹೇಳಬಲ್ಲ ಪರೀಕ್ಷೆಯೇ ವೈದ್ಯಶಾಸ್ತ್ರದಲ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಮತ್ತು ವಿಶ್ವಸಂಸ್ಥೆಯದೇ ಮಹಿಳಾ ಸಂಸ್ಥೆ ಯುಎನ್ ವಿಮೆನ್ ಮೂರೂ ಸೇರಿ 2018ರ ಅಕ್ಟೋಬರ್‌ನಲ್ಲೇ ಈ ‘ಕನ್ಯತ್ವ ಪರೀಕ್ಷೆ’ ಎಲ್ಲ ಕಡೆಯೂ ನಿಲ್ಲಬೇಕು ಎಂದಿವೆ. ಯಾರಾದರೂ ಮಾಡಿಕೊಡುತ್ತೇನೆ ಎಂದರೆ ಅವರಿಗೆ ವಿಷಯ ತಿಳಿದಿಲ್ಲ, ಅಥವಾ ತಿಳಿದೂ ಹೇಳುತ್ತಿಲ್ಲ.

ನನ್ನ ಕೇಳಿದರೆ ಅರ್ಧ ತಪ್ಪು ‘ಕನ್ಯಾಪೊರೆ’ ಎಂಬ ಹೆಸರಿನದು. ಪೊರೆ ಎಂದೊಡನೆ ಕಣ್ಣಿನ ಪೊರೆ, ಹಾವಿನ ಪೊರೆ ನೆನಪಾಗಿ, ಏನೋ ಪೂರ್ತಿ ಮುಚ್ಚಿಕೊಂಡಿದೆ ಅನ್ನಿಸುತ್ತದೆ. ಮುಚ್ಚಿದ್ದರೆ ಮುಟ್ಟಿನ ರಕ್ತ ಹೊರಬರುತ್ತಿದ್ದುದು ಹೇಗೆ? ಅಪರೂಪಕ್ಕೆ ಕೆಲವರಿಗೆ ಹುಟ್ಟಿನಿಂದಲೇ ಹಾಗೆ ಮುಚ್ಚಿರುತ್ತದೆ. ಅವರಿಗೆ ಆಪರೇಷನ್ ಬೇಕಾಗುತ್ತದೆ. ಉಳಿದವರಲ್ಲಿ ಅದು ಯೋನಿಯ ಬಾಯಿಯ ಸುತ್ತ ಇರುವ ಮೆತ್ತನೆಯ ಅಂಚು, ಅಷ್ಟೆ. ಒಬ್ಬರಿಗೆ ಅಗಲ, ಒಬ್ಬರಿಗೆ ಇದ್ದೂ ಇಲ್ಲದಂತೆ. ವಯಸ್ಸಿಗೆ ಬಂದ ಮೇಲೆ ಹಿಗ್ಗುತ್ತದೆ. ಹಾಗಾಗಿ ಎಷ್ಟೋ ಹೆಂಗಸರಿಗೆ ಮೊದಲ ಸಲ ಒಂದು ಹನಿಯೂ ರಕ್ತ ಬರುವುದಿಲ್ಲ.

ಸೈಕಲ್ ತುಳಿದು ಹರಿದಿರಬೇಕು ಬಿಡು ಎಂದು ನಿಮ್ಮ ಸ್ನೇಹಿತರು ಸಮಾಧಾನ ಹೇಳಿದರಂತೆ. ಒಳ್ಳೆಯ ಮನಸ್ಸಿನ ಮಾತೇ. ಆದರೆ ಹರಿಯಲೇಬೇಕಾದ ಪರದೆಯೊಂದು ಇತ್ತು ಎಂದು ಅವರೂ ಒಪ್ಪಿಕೊಂಡಂತಾಯಿತು! ಸೈಕಲ್ ಮುಟ್ಟದವರಿಗೂ ರಕ್ತ ಬರದೇ ಇರಬಹುದು.

ರಕ್ತ ಬಂದವರ ವಿಷಯಕ್ಕೆ ಬನ್ನಿ. ಹೆಣ್ಣಿನ ಮನಸ್ಸು ಹೆದರಿದ್ದರೆ ಸ್ನಾಯು ಬಿಗಿಯುತ್ತವೆ, ಪಸೆ ಇರುವುದಿಲ್ಲ. ಆಗ ಆತುರಪಟ್ಟರೆ ನೋವಾಗುತ್ತದೆ, ಸಣ್ಣ ಗಾಯವೂ ಆಗಬಹುದು. ಎಷ್ಟೋ ಸಲ ಶೀಲದ ಗುರುತೆಂದು ಸಂಭ್ರಮಿಸುವ ಕಲೆ ಇದು. ನಿಮ್ಮಲ್ಲಿ ಹಾಗಾಗಲಿಲ್ಲ ಎಂದರೆ ಬೇಸರ ಯಾಕೆ? ಮೊದಲ ಸಲ ನೋಯಲೇಬೇಕು, ಹಲ್ಲು ಕಚ್ಚಿ ಸಹಿಸಬೇಕು ಎಂಬುದೂ ಸುಳ್ಳೇ. ಪ್ರತಿ ಸಲವೂ ನೋಯುತ್ತಿದ್ದರೆ ಮಾತ್ರ ಸ್ತ್ರೀರೋಗ ತಜ್ಞರನ್ನು ಕಾಣಲಿ. ಅದಕ್ಕೆ ಚಿಕಿತ್ಸೆ ಇದೆ.

ಗಂಡಸಿಗೆ ನಾವು ಬ್ರಹ್ಮಚರ್ಯ ಎನ್ನುತ್ತೇವೆ, ಅದು ಪಾಲಿಸುವಂಥದ್ದು. ಕನ್ಯತ್ವ ಮಾತ್ರ ಕಳೆದುಕೊಳ್ಳುವಂಥದ್ದು. ನಿಮ್ಮ ಪತ್ರದಲ್ಲಿ ನಿಮ್ಮ ಹಿಂದಿನ ಬದುಕಿನ ಬಗ್ಗೆ ಒಂದು ಸಾಲೂ ಇಲ್ಲ. ನಾನೂ ಕೇಳುತ್ತಿಲ್ಲ.

ಇನ್ನೆರಡು ವಿಷಯ. ‘ನನ್ನದು ಬೇಗ ಮುಗಿದುಹೋಯಿತು’ ಎಂದು ಕೊನೆಯಲ್ಲಿ ಚಿಕ್ಕ ಅಕ್ಷರದಲ್ಲಿ ಬರೆದಿದ್ದೀರಿ. ಮೊದಮೊದಲು ಬಹಳ ಜನಕ್ಕೆ ಹಾಗಾಗುತ್ತದೆ, ಕಾಯಿಲೆಯಲ್ಲ. ಮೊದಲ ಸಲಕ್ಕೇ ಗರ್ಭ ನಿಲ್ಲುವುದಿಲ್ಲ ಎಂದು ನಂಬಿದ್ದೀರಲ್ಲ, ಅದು ತಪ್ಪು. ವೀರ್ಯಾಣು ಒಳಗೆ 5 ದಿನದವರೆಗೂ ಬದುಕಿರಬಲ್ಲದು. ಅದಕ್ಕೆ ಮೊದಲನೆಯ ಸಲ, ಹತ್ತನೆಯ ಸಲ ಎಂಬ ಲೆಕ್ಕವಿಲ್ಲ. ಮುಟ್ಟು ತಡವಾದರೆ ಗರ್ಭಧಾರಣೆಯ ಪರೀಕ್ಷೆ ಮಾಡಿಕೊಳ್ಳಿ. ಈಗಲೇ ಮಗು ಬೇಡವೆಂದಿದ್ದರೆ ಇವತ್ತಿನಿಂದಲೇ ಕಾಂಡೋಮ್ ಬಳಸಿ.

ಆ ದಿನ ಹುಡುಕಿದ್ದು ವಾಚಲ್ಲ ಎಂದು ಅವರಿಗೆ ಹೇಳಿಬಿಡಿ. ಅವರಿಗೆ ಆಗಲೇ ಗೊತ್ತಾಗಿರುತ್ತದೆ ಎಂದು ನನ್ನ ಗುಮಾನಿ.

- ಸಂ.