ಬಾಮೈದನ ಟೆಂಪೊ ಸಾಲಕ್ಕೆ ಜಾಮೀನು ಹಾಕಿದ್ದೆ, ಈಗ ನನ್ನ ಸಿಬಿಲ್ ಸ್ಕೋರ್ ಬಿದ್ದಿದೆ. ಏನು ಮಾಡಲಿ?

ನಿಮ್ಮ ಪ್ರಶ್ನೆ ಓದಿ ಹಳೆಯದೆಲ್ಲ ನೆನಪಾಯಿತು. ಬಾಮೈದ ಎರಡು ಕಂತು ಕಟ್ಟಿಲ್ಲ, ಮನೆ ಸಾಲ ಕೇಳಲು ಹೋದಾಗಲೇ ನಿಮಗೆ ಅದು ಗೊತ್ತಾಯಿತು. 'ಮೊದಲು ಅವನ ಹತ್ತಿರ ವಸೂಲಿ ಮಾಡಬೇಕಲ್ವಾ, ನನ್ನನ್ನು ಯಾಕೆ ಹಿಡಿದುಕೊಳ್ಳುತ್ತಾರೆ' ಎಂದು ಕೇಳಿದ್ದೀರಿ. ಇದೇ ಮಾತನ್ನು ನಾನೂ ಒಬ್ಬ ಮ್ಯಾನೇಜರ್ ಎದುರು ಕೂತು ಕೇಳಿದ್ದೇನೆ.

ನಾನು ತುಮಕೂರು ಕಡೆಯ ಹೈಸ್ಕೂಲ್ ಮೇಷ್ಟ್ರು. ಜೊತೆಗಿದ್ದ ಇನ್ನೊಬ್ಬ ಮೇಷ್ಟ್ರ 3 ಲಕ್ಷದ ಸಾಲಕ್ಕೆ ಜಾಮೀನು ಹಾಕಿದ್ದೆ. ಬೆಲ್ ಹೊಡೆಯುವ ಮುಂಚೆ ಸ್ಟಾಫ್ ರೂಮಿನಲ್ಲೇ ಸಹಿ ಮುಗಿದಿತ್ತು, ಸಂಬಳದ ಸರ್ಟಿಫಿಕೇಟು ಮಾರನೇ ದಿನ ಕೊಟ್ಟೆ. 'ಇವರು ಒಳ್ಳೆಯವರು, ನನಗೆ ಗೊತ್ತು' ಎಂದು ಹೇಳುವ ಸಹಿ ಅದು ಅಂದುಕೊಂಡಿದ್ದೆ. ನಾಲ್ಕು ವರ್ಷ ಕಳೆದು 30×40 ಸೈಟಿನಲ್ಲಿ ಮನೆ ಕಟ್ಟಲು ಸಾಲ ಕೇಳಿದಾಗ ಮ್ಯಾನೇಜರ್ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ನನ್ನ ಸಿಬಿಲ್ ರಿಪೋರ್ಟಿನಲ್ಲೇ, ಅಂದರೆ ನನ್ನ ಸಾಲಗಳನ್ನು ಹೇಗೆ ಕಟ್ಟಲಾಗಿದೆ ಎಂಬ ದಾಖಲೆಯಲ್ಲೇ, ಆ ಮೇಷ್ಟ್ರ ಸಾಲ ಇತ್ತು. ಪಕ್ಕದಲ್ಲಿ 'ಗ್ಯಾರಂಟರ್' ಎಂದು ಬರೆದಿತ್ತು, ಕೆಳಗೆ ತಿಂಗಳುಗಟ್ಟಲೆ ಬಾಕಿ.

ಕಾನೂನು ನಮ್ಮ ಪರ ಇಲ್ಲ, ಅದನ್ನು ಮೊದಲು ಒಪ್ಪಿಕೊಳ್ಳಿ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಸಾಲಗಾರನನ್ನು ಪೂರ್ತಿ ಜಾಲಾಡಿದ ಮೇಲೆಯೇ ಜಾಮೀನುದಾರನ ಹತ್ತಿರ ಬರಬೇಕು ಎಂಬ ವಾದವನ್ನು ಬ್ಯಾಂಕ್ ಆಫ್ ಬಿಹಾರ್ ಮತ್ತು ದಾಮೋದರ್ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅದಾಗಿ ಐವತ್ತು ವರ್ಷದ ಮೇಲಾಯಿತು. ಇಂಥ ಸಾಲದಿಂದ ನೀವೊಬ್ಬರೇ ಹೆಸರು ವಾಪಸ್ ತೆಗೆದುಕೊಳ್ಳುವುದಕ್ಕೂ ಆಗುವುದಿಲ್ಲ. ಬೇರೆ ಜಾಮೀನುದಾರರನ್ನು ತೋರಿಸಿ, ಬ್ಯಾಂಕ್ ಒಪ್ಪಿದರೆ ಮಾತ್ರ ಸಾಧ್ಯ.

ಈಗ ನಿಮ್ಮ ಕೈಯಲ್ಲಿರುವುದು ಸಮಯ. ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತದೆ. ಆಮೇಲೆ ಬ್ಯಾಂಕಿನವರು ಮಾತಾಡುವ ರೀತಿಯೇ ಬದಲಾಗುತ್ತದೆ. ಎರಡೇ ಕಂತು ಬಾಕಿ ಅಂದರೆ ನೀವಿನ್ನೂ ಈಚೆ ದಡದಲ್ಲಿದ್ದೀರಿ. ಬಾಮೈದನಿಗೆ ಆಗದಿದ್ದರೆ ಆ ಎರಡು ಕಂತನ್ನು ನೀವೇ ಕಟ್ಟಿಬಿಡಿ. ಬೇಜಾರಾಗುತ್ತದೆ, ಗೊತ್ತು. ಆದರೆ ಅವನ ಕೈಗೆ ನಗದು ಕೊಡಬೇಡಿ. ನಿಮ್ಮ ಖಾತೆಯಿಂದ ನೇರವಾಗಿ ಸಾಲದ ಖಾತೆಗೇ ಹೋಗಲಿ, ರಸೀದಿ ಇಟ್ಟುಕೊಳ್ಳಿ. ಜಾಮೀನುದಾರ ಕಟ್ಟಿದ ಹಣವನ್ನು ಸಾಲಗಾರನಿಂದ ವಸೂಲಿ ಮಾಡುವ ಹಕ್ಕು ಅದೇ ಕಾಯ್ದೆಯ 145ನೇ ಸೆಕ್ಷನ್‌ನಲ್ಲಿದೆ. ದಾವೆ ಹಾಕಲು ಕಟ್ಟಿದ ದಿನದಿಂದ ಮೂರು ವರ್ಷ ಸಮಯವಿದೆ. ನೀವು ಬಾಮೈದನ ಮೇಲೆ ಕೋರ್ಟಿಗೆ ಹೋಗುವವರಲ್ಲ ಅನ್ನಿಸುತ್ತದೆ. ಆದರೂ ಕಾಗದ ಕೈಯಲ್ಲಿದ್ದರೆ ಮನೆಯ ಹಿರಿಯರ ಮುಂದೆ ಲೆಕ್ಕ ಹೇಳುವುದು ಸುಲಭ.

ಇನ್ನು ಅವನ ಜೊತೆ ಮಾತು. ಇದೇ ಎಲ್ಲಕ್ಕಿಂತ ಕಷ್ಟ. ನಾನು ಸಿಟ್ಟಿನಲ್ಲೇ ಆ ಮೇಷ್ಟ್ರ ಮನೆಗೆ ಹೋಗಿದ್ದೆ. ಅವರ ಹೆಂಡತಿ ಕಾಫಿ ತಂದುಕೊಟ್ಟು, ನಮ್ಮ ಮಕ್ಕಳ ಓದಿನ ವಿಷಯ ಕೇಳಿದರು. ಸಾಲ ನಿಂತಿರುವುದು ಅವರಿಗೆ ಗೊತ್ತೇ ಇಲ್ಲ ಎಂದು ಆಗ ಅರ್ಥವಾಯಿತು. ಆ ಮೇಷ್ಟ್ರು ತಮ್ಮ ಅಮ್ಮನ ಆಪರೇಷನ್ನಿಗೆ ಬೇರೆ ಕಡೆಯಿಂದಲೂ ಕೈಸಾಲ ತಂದಿದ್ದರಂತೆ. ಅದನ್ನು ತೀರಿಸುವುದಕ್ಕೆ ಬ್ಯಾಂಕಿನ ಕಂತು ಬಿಟ್ಟಿದ್ದರು. ನಾನು ಅಲ್ಲಿ ಏನೂ ಮಾತಾಡಲಿಲ್ಲ. ಬಸ್ ಸ್ಟ್ಯಾಂಡ್ ತನಕ ಇಬ್ಬರೂ ನಡೆದುಕೊಂಡು ಹೋದೆವು. ದಾರಿಯಲ್ಲಿ ಅವರೇ ಎಲ್ಲ ಹೇಳಿದರು. ಮಾರನೇ ವಾರ ಇಬ್ಬರೂ ಬ್ರಾಂಚಿಗೆ ಹೋಗಿ 46,000 ಬಾಕಿ ತೀರಿಸಿದೆವು. ಅರ್ಧ ನನ್ನದು. ಆಮೇಲೆ ಅವರು ಒಂದು ಕಂತೂ ತಪ್ಪಿಸಲಿಲ್ಲ. ನನ್ನ ದುಡ್ಡನ್ನು ಎರಡು ದಸರಾ ರಜೆ ಮುಗಿಯುವುದರೊಳಗೆ ಸ್ವಲ್ಪ ಸ್ವಲ್ಪವಾಗಿ ವಾಪಸ್ ಕೊಟ್ಟರು.

ಅದಕ್ಕೇ ಹೇಳುತ್ತೇನೆ, ಮೊದಲು ನಿಮ್ಮ ಮನೆಯವರಿಗೆ ತಿಳಿಸಿ. ಅವರ ತಮ್ಮ ಅವನು, ಬೇರೆಯವರ ಬಾಯಿಂದ ಅವರಿಗೆ ಗೊತ್ತಾಗಬಾರದು. ಆಮೇಲೆ ಬಾಮೈದನ ಹತ್ತಿರ 'ಯಾಕೆ ಕಟ್ಟಲಿಲ್ಲ' ಅನ್ನುವ ಬದಲು 'ಟೆಂಪೊಗೆ ಈಗ ತಿಂಗಳಿಗೆ ಎಷ್ಟು ಬಾಡಿಗೆ ಬರುತ್ತಿದೆ, ಡೀಸೆಲ್ಲಿಗೆ ಎಷ್ಟು ಹೋಗುತ್ತಿದೆ' ಎಂದು ಕೇಳಿ. ಗಾಡಿ ಓಡುತ್ತಿದ್ದರೆ ಕಂತಿನ ಅವಧಿ ಹೆಚ್ಚಿಸಿ ಮೊತ್ತ ಕಡಿಮೆ ಮಾಡುವಂತೆ ಬ್ಯಾಂಕನ್ನು ಕೇಳಬಹುದು. ಅಂಥ ಮಾರ್ಪಾಡೂ ರಿಪೋರ್ಟಿನಲ್ಲಿ ಕಾಣುತ್ತದೆ, ಅದು ನೆನಪಿರಲಿ. ಬಾಡಿಗೆಯೇ ಇಲ್ಲದೆ ಗಾಡಿ ಸುಮ್ನೆ ನಿಂತಿದ್ದರೆ, ಬ್ಯಾಂಕಿನ ಒಪ್ಪಿಗೆ ಪಡೆದು ತಾವೇ ಮಾರುವುದು ಮೇಲು. ಸೀಜ್ ಮಾಡಿ ಹರಾಜು ಹಾಕಿದರೆ ಬೆಲೆ ಸಾಮಾನ್ಯವಾಗಿ ಕಡಿಮೆ ಬರುತ್ತದೆ, ಉಳಿದ ಬಾಕಿ ನಿಮ್ಮ ತಲೆಗೂ ಬರುತ್ತದೆ. ಸಾಲ ತೀರಿದ ಮೇಲೆ ಬ್ಯಾಂಕಿನಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಗಾಡಿ ಮೇಲಿನ ಸಾಲದ ಕರಾರು ಮುಗಿಯಿತು ಎಂದು ತಿಳಿಸುವ ಫಾರ್ಮ್ 35 ತೆಗೆದುಕೊಂಡು ಆರ್‌ಟಿಒದಲ್ಲಿ ಆರ್‌ಸಿ ಮೇಲಿನ ಬ್ಯಾಂಕಿನ ಹೆಸರು ತೆಗೆಸಬೇಕು.

ಒಂದು ಕಡೆ ಮಾತ್ರ ತುಂಬ ಎಚ್ಚರ. ಮುಂದೆ ಎಂದಾದರೂ 'ಇಷ್ಟು ಕಟ್ಟಿ, ಉಳಿದದ್ದು ಬಿಡುತ್ತೇವೆ' ಎಂದು ಸೆಟಲ್‌ಮೆಂಟ್ ಮಾತು ಬಂದರೆ ಆಸೆಪಟ್ಟು ಒಪ್ಪಬೇಡಿ. ಪೂರ್ತಿ ಕಟ್ಟಿದ ಸಾಲ ರಿಪೋರ್ಟಿನಲ್ಲಿ 'ಕ್ಲೋಸ್ಡ್' ಎಂದಿರುತ್ತದೆ, ಇದು 'ಸೆಟಲ್ಡ್' ಎಂದಾಗುತ್ತದೆ. ಮನೆ ಸಾಲ ಕೊಡುವವರ ಕಣ್ಣು ಮೊದಲು ಹೋಗುವುದು ಆ ಪದದ ಮೇಲೆ. 'ಸಿಬಿಲ್ ಕ್ಲಿಯರ್ ಮಾಡಿಕೊಡುತ್ತೇವೆ' ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಿಜವಾದ ಬಾಕಿಯನ್ನು ಯಾರೂ ಅಳಿಸಲಾರರು.

ತಪ್ಪು ದಾಖಲೆ ಇದ್ದರೆ ನೀವೇ ಸರಿ ಮಾಡಿಸಬಹುದು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್, ಸಾಲದ ದಾಖಲೆ ಇಡುವ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಬೇಕು. ನಾವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ. ದೂರು ಕೊಟ್ಟ 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ಆರ್‌ಬಿಐ ನಿಯಮವಿದೆ. 2024ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ.

ಸ್ಕೋರ್ ಒಂದೇ ತಿಂಗಳಲ್ಲಿ ಏರಿಬಿಡುವುದಿಲ್ಲ. ನನಗೆ ಸುಮಾರು ಒಂದೂವರೆ ವರ್ಷ ಹಿಡಿಯಿತು. ಅಲ್ಲಿಯವರೆಗೆ ಸಿಕ್ಕಸಿಕ್ಕ ಬ್ಯಾಂಕಿನಲ್ಲೆಲ್ಲ ಅರ್ಜಿ ಹಾಕಬೇಡಿ, ಪ್ರತಿ ಅರ್ಜಿಯೂ ರಿಪೋರ್ಟಿನಲ್ಲಿ ದಾಖಲಾಗುತ್ತದೆ. ಈ ವಾರ ಬಾಮೈದನನ್ನೂ ಕರೆದುಕೊಂಡು ಅವನ ಬ್ರಾಂಚಿಗೆ ಹೋಗಿ, ಸಾಲದ ಖಾತೆಯ ಸ್ಟೇಟ್‌ಮೆಂಟ್ ತೆಗೆಸಿ. ಅಸಲು ಎಷ್ಟು, ದಂಡದ ಶುಲ್ಕ ಎಷ್ಟು ಎಂದು ಬಿಡಿಸಿ ಕೇಳಿ. ಅಂಕಿ ಗೊತ್ತಾದ ಮೇಲೆ ಇಲ್ಲಿ ಬರೆಯಿರಿ, ಮುಂದಿನದನ್ನು ಒಟ್ಟಿಗೆ ಕೂತು ಲೆಕ್ಕ ಹಾಕೋಣ.