ಚೀನೀ ವಲಸೆ ಕುಟುಂಬದ ಕಾದಂಬರಿ 200 ಪುಟಕ್ಕೇ ಬೇಜಾರಾಗಿದೆ. ಅವರ ಸಂಸ್ಕೃತಿ ಗೊತ್ತಿಲ್ಲದ್ದಕ್ಕೆ ಹೀಗಾ? ಮುಗಿಸಲಾ, ಬಿಡಲಾ?

ಬಿಡಿ. ಇವತ್ತೇ ಬಿಡಿ. ನಾನು ಬಿಡದೇ ಕೆಟ್ಟೆ.

ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕಿದ್ದಾಗಿನ ಮಾತು. ಟೀಮಿನಲ್ಲಿ ಚೀನೀ ಮೂಲದವರೊಬ್ಬರಿದ್ದರು. ಹುಟ್ಟಿ ಬೆಳೆದದ್ದೆಲ್ಲ ಸ್ಯಾನ್ ಫ್ರಾನ್ಸಿಸ್ಕೊ. ತಮ್ಮ ಹೊಸ ವರ್ಷದ ಊಟಕ್ಕೆ ಕರೆದರು. ಬರಿಗೈಲಿ ಹೋಗೋದು ಹೇಗೆ ಅಂತ ಪುಸ್ತಕದಂಗಡಿಗೆ ನುಗ್ಗಿದೆ. ಸಿಕ್ಕಿತು: ಮೂರು ತಲೆಮಾರಿನ ಕಥೆ, ಕೆಂಪು ಮುಖಪುಟ. ನನಗೊಂದು, ಅವರಿಗೊಂದು ತಗೊಂಡೆ.

ತಪ್ಪಾದದ್ದು ಇಲ್ಲೇ. ಓದದೆ ಕೊಟ್ಟದ್ದು ದೊಡ್ಡದಲ್ಲ, ಎಲ್ಲರೂ ಹಾಗೇ ಕೊಡ್ತಾರೆ. ನಾನು ಮೊದಲ ಪುಟದಲ್ಲಿ ಬರೆದೆ. ಅದೂ ಪೆನ್ನಲ್ಲಿ. ‘ನಿಮ್ಮ ಮನೆಯ ಕಥೆ, ನಿಮಗೆ’ ಅಂತ. ಅವರ ಮನೆಯ ಕಥೆ ನನಗೇನು ಗೊತ್ತಿತ್ತು? ಮುಖ ನೋಡಿದೆ, ಮುಖಪುಟ ನೋಡಿದೆ, ಇದೇ ಇರಬೇಕು ಅಂದುಕೊಂಡೆ. ಯಾರೋ ನಮಗೆ ಆನೆ, ಮಹಾರಾಜರ ಕಾದಂಬರಿ ಕೊಟ್ಟು ‘ನಿಮ್ಮನೆ ಕಥೆ’ ಅಂದರೆ ಹೇಗಿರುತ್ತೆ ಹೇಳಿ. ಪೆನ್ಸಿಲ್ಲಲ್ಲಿ ಬರೆದಿದ್ದರೆ ಅಳಿಸಿಕೊಳ್ಳಲಾದರೂ ಆಗುತ್ತಿತ್ತು.

ಆಮೇಲೆ ಓದಲು ಕೂತೆ. 1923ರಲ್ಲಿ ಅಜ್ಜ ಹಡಗಿನಿಂದ ಇಳಿಯುತ್ತಾನೆ, ಮುಂದಿನ ಪುಟದಲ್ಲೇ ಲಾಂಡ್ರಿ ತೆರೆಯುತ್ತಾನೆ. ಅಜ್ಜಿ ಬಾಯಿ ಬಿಟ್ಟರೆ ಗಾದೆ. ನೀರು ಕೇಳೋದಕ್ಕೂ ಗಾದೆ. ತಾಯಿ ಮಗಳ ಮೂವತ್ತು ವರ್ಷದ ಜಗಳ ಕೊನೆಯ ಎರಡು ಪುಟದಲ್ಲಿ ಕಣ್ಣೀರಲ್ಲಿ ತೊಳೆದುಹೋಗುತ್ತೆ. ನಿಮ್ಮ ಹಾಗೇ ‘ಸಂಸ್ಕೃತಿ ಬೇರೆ, ನನಗೇ ಹಿಡಿತಕ್ಕೆ ಸಿಗ್ತಿಲ್ಲ’ ಅಂದುಕೊಂಡು 480 ಪುಟ ಮುಗಿಸಿದೆ.

ಎರಡು ವಾರ ಅವರು ಪುಸ್ತಕದ ಮಾತೇ ಎತ್ತಲಿಲ್ಲ. ನಾನೇ ಕೇಳಿದೆ, ಬುದ್ಧಿ ಬೇಡವಾ! ‘ನಮ್ಮ ತಾತ ಹಾಗೆ ಇಳಿದು ಹೀಗೆ ಅಂಗಡಿ ಹಾಕಲಿಲ್ಲ’ ಅಂದರು. 1882ರ ಕಾನೂನು ಚೀನೀ ಕೂಲಿಗಳಿಗೆ ಅಮೆರಿಕದ ಬಾಗಿಲು ಹಾಕಿತ್ತು. ಅದನ್ನು ತೆಗೆದದ್ದು 1943ರಲ್ಲಿ. ನಡುವೆ 1906ರ ಭೂಕಂಪ, ಬೆಂಕಿ. ಸ್ಯಾನ್ ಫ್ರಾನ್ಸಿಸ್ಕೊದ ಜನನ ದಾಖಲೆಗಳು ಸುಟ್ಟುಹೋದವು. ಎಷ್ಟೋ ಚೀನೀಯರು ‘ನಾನು ಇಲ್ಲೇ ಹುಟ್ಟಿದವನು’ ಅಂದರು, ಚೀನಾದ ಊರಲ್ಲಿ ಇಷ್ಟು ಗಂಡುಮಕ್ಕಳಿದ್ದಾರೆ ಅಂತ ಬರೆಸಿದರು. ಇಲ್ಲಿ ಹುಟ್ಟಿದವನು ಅಮೆರಿಕದ ಪ್ರಜೆ, ಅವನ ಮಕ್ಕಳಿಗೂ ಒಳಗೆ ಬರೋ ಹಕ್ಕಿತ್ತು. ಆ ಹೆಸರುಗಳನ್ನು ದುಡ್ಡು ಕೊಟ್ಟು ತಗೊಂಡು ಬಂದವರೇ ‘ಕಾಗದದ ಮಕ್ಕಳು’. ಇವರ ತಾತ ಅಂಥವರಲ್ಲೊಬ್ಬರು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಏಂಜಲ್ ಐಲೆಂಡ್ ಅನ್ನೋ ದ್ವೀಪದ ವಲಸೆ ಠಾಣೆಯಲ್ಲಿ ವಾರಗಟ್ಟಲೆ ಕೂಡಿಹಾಕಿ ವಿಚಾರಣೆ. ಮನೆಗೆ ಎಷ್ಟು ಮೆಟ್ಟಿಲು? ಅಕ್ಕಿ ಎಲ್ಲಿಡ್ತೀರಿ? ಪಕ್ಕದ ಮನೆ ಯಾರದ್ದು? ‘ಅಪ್ಪ’ ಹೇಳಿದ್ದಕ್ಕೆ ತಾಳೆಯಾಗದಿದ್ದರೆ ವಾಪಸ್ ಹಡಗು ಹತ್ತಬೇಕಾಗಬಹುದು. ತಾತ ಸಾಯೋವರೆಗೂ ಆ ಕೊಂಡ ಹೆಸರಲ್ಲೇ ಇದ್ದರು, ಮನೆಯಲ್ಲೂ ತುಟಿ ಬಿಚ್ಚಲಿಲ್ಲ. ಗಾದೆಯಂತೂ ಒಂದೂ ಹೇಳಿದ್ದಿಲ್ಲವಂತೆ.

ಮುಂದಿನ ವರ್ಷ ನನಗೆ ಊಟಕ್ಕೆ ಕರೆ ಬರಲಿಲ್ಲ.

ಆ ತಾತನ ಕಥೆ ಕೇಳಿದ ರಾತ್ರಿ ಅಮ್ಮನಿಗೆ ಫೋನ್ ಮಾಡಿದ್ದೆ. ತೀರ್ಥಹಳ್ಳಿ ಮನೆಯ ಜಗಲಿಗೆ ಎಷ್ಟು ಮೆಟ್ಟಿಲು? ನಾನು ನಾಲ್ಕು ಅಂದುಕೊಂಡಿದ್ದೆ. ಅಮ್ಮ ಐದು ಅಂದಳು. ನನ್ನ ಕಥೆ ಅಲ್ಲಿಗೇ ಮುಗೀತಿತ್ತು.

ಈ ಭಯ ಅರ್ಥವಾಗೋಕೆ ಚೀನೀ ಸಂಸ್ಕೃತಿ ಗೊತ್ತಿರಬೇಕಾ? ನಿಮ್ಮದು ಬೇರೆ ಪುಸ್ತಕವಿರಬಹುದು, ಕಾಯಿಲೆ ಅದೇ ಅನ್ನಿಸುತ್ತೆ. ಬರೆದವರು ಮನೆಯೊಳಗೆ ಹೋಗಲೇ ಇಲ್ಲ, ಬಾಗಿಲಿಗೆ ಕೆಂಪು ಲಾಟೀನು ತೂಗುಹಾಕಿ ಬಂದರು. ಓದಿದ 200 ಪುಟ ದಂಡವಾಯ್ತು ಅಂತ ಕೊರಗಬೇಡಿ. ಸುಮ್ನೆ ಯಾರಿಗಾದರೂ ಕೊಟ್ಟುಬಿಡಿ. ಮೊದಲ ಪುಟದಲ್ಲಿ ಮಾತ್ರ ಏನೂ ಬರೀಬೇಡಿ.